ಪೂಲ್ ಟೂರ್ನಿಯ ಕಲ್ಕತ್ತಾ ಹರಾಜು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿ ವಾರಾಂತ್ಯದಲ್ಲಿ ಪೂಲ್ (ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ, ಬಿಲಿಯರ್ಡ್ಸ್ ಬಗೆಯ ಆಟ) ಆಡಲು ಹೋಗುವ ಕನ್ನಡಿಗರಿಗೆ ಒಂದಲ್ಲ ಒಂದು ದಿನ ಈ ಹರಾಜು ಎದುರಾಗುತ್ತದೆ. ಆಗ ಅವರು ಕೇಳುವ ಪ್ರಶ್ನೆಗಳಿಗೂ ಬೆಂಗಳೂರಿನಲ್ಲಿ ಸ್ನೂಕರ್ ಆಡುವ ಗೆಳೆಯರು ಕೇಳುವ ಪ್ರಶ್ನೆಗಳಿಗೂ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲಿಗೆ ಸರಳ ಸಂಗತಿಗಳು, ನಂತರ ಲೆಕ್ಕಾಚಾರ, ಆಮೇಲೆ ಮೋಸ ಮತ್ತು ಕಾನೂನು.

ಕಲ್ಕತ್ತಾ ಎಂದರೇನು? ಪೂಲ್ ಆಟಕ್ಕೂ ಆ ಊರಿಗೂ ಏನು ಸಂಬಂಧ?

ಟೂರ್ನಿ ಶುರುವಾಗುವ ಮುನ್ನ ಪ್ರತಿಯೊಬ್ಬ ಆಟಗಾರನ ಹೆಸರನ್ನೂ ಹರಾಜಿಗೆ ಇಡುತ್ತಾರೆ. ಎಲ್ಲರಿಗಿಂತ ಹೆಚ್ಚು ಕೂಗಿದವರು ಆ ಆಟಗಾರನ ಮಾಲೀಕರಾಗುತ್ತಾರೆ. ಹರಾಜಿನಲ್ಲಿ ಬಂದ ಹಣವೆಲ್ಲ ಒಂದೇ ಗಂಟಿಗೆ ಸೇರುತ್ತದೆ. ಟೂರ್ನಿ ಮುಗಿದಾಗ ಮೊದಲ ಕೆಲವು ಸ್ಥಾನ ಪಡೆದವರ ಮಾಲೀಕರು ಆ ಗಂಟನ್ನು ಮೊದಲೇ ಸಾರಿದ ಶೇಕಡಾ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ. ಉಳಿದ ಆಟಗಾರರನ್ನು ಕೊಂಡವರ ಹಣ ಹೋದಂತೆಯೇ.

ಹೆಸರು ಬಂದದ್ದು ನಮ್ಮ ಕಲ್ಕತ್ತಾದಿಂದಲೇ. 1847ರಲ್ಲಿ ಶುರುವಾದ ಅಲ್ಲಿನ ಟರ್ಫ್ ಕ್ಲಬ್ ಇಂಗ್ಲೆಂಡಿನ ಡರ್ಬಿ ಕುದುರೆ ಓಟದ ಮೇಲೆ ನಡೆಸುತ್ತಿದ್ದ ಸ್ವೀಪ್ ಎಂಬ ಲಾಟರಿ ಲೋಕಪ್ರಸಿದ್ಧವಾಗಿತ್ತು. ಚೀಟಿ ಎತ್ತಿ ಕುದುರೆಗಳನ್ನು ಹಂಚಿ, ಆಮೇಲೆ ಆ ಚೀಟಿಗಳನ್ನೇ ಹರಾಜು ಹಾಕುವ ಪದ್ಧತಿ ಬ್ರಿಟಿಷರ ಕ್ಲಬ್ಬುಗಳ ಮೂಲಕ ಹರಡಿತು. ಕುದುರೆಯಿಂದ ಗಾಲ್ಫ್‌ಗೆ, ಬ್ಯಾಕ್‌ಗ್ಯಾಮನ್‌ಗೆ, ರೋಡಿಯೋಗೆ, ಪೂಲ್‌ಗೆ ಅದು ದಾಟಿಕೊಂಡಿತು. ಎಲ್ಲಿಗೆ ಹೋದರೂ ಊರಿನ ಹೆಸರನ್ನು ಮಾತ್ರ ಬಿಡಲಿಲ್ಲ.

ಪೂಲ್ ಎಂಬ ಆಟದ ಹೆಸರೂ ಜೂಜಿನಿಂದಲೇ ಬಂದಿತೇ?

ಹೌದು. ಎಲ್ಲರೂ ಸೇರಿ ಒಡ್ಡುವ ಪಣಕ್ಕೆ ಪೂಲ್ ಎನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಪೂಲ್‌ರೂಮ್ ಎಂದರೆ ಕುದುರೆಗಳ ಮೇಲೆ ಪಣ ಕಟ್ಟುವ ಜಾಗ. ಅಲ್ಲಿ ಹರಾಜುಗಾರ ಒಂದು ಓಟದ ಕುದುರೆಗಳನ್ನು ಒಂದೊಂದಾಗಿ ಕೂಗಿ ಮಾರುತ್ತಿದ್ದ, ಗೆದ್ದ ಕುದುರೆಯನ್ನು ಕೊಂಡವನು ಪೂರ್ತಿ ಗಂಟನ್ನು ಪಡೆಯುತ್ತಿದ್ದ. ಒಂದು ಓಟಕ್ಕೂ ಮತ್ತೊಂದಕ್ಕೂ ನಡುವೆ ಹೊತ್ತು ಕಳೆಯಲಿ ಎಂದು ಅಲ್ಲಿ ಬಿಲಿಯರ್ಡ್ಸ್ ಮೇಜುಗಳನ್ನು ಹಾಕಿದ್ದರು. ಕಾಲಕ್ರಮದಲ್ಲಿ ಜಾಗದ ಹೆಸರು ಮೇಜಿಗೆ ಅಂಟಿಕೊಂಡಿತು. ಹಾಗಾಗಿ ಪೂಲ್ ಮೇಜಿನ ಪಕ್ಕದಲ್ಲಿ ನಡೆಯುವ ಹರಾಜು ಹೊರಗಿನಿಂದ ಬಂದ ಚಟವಲ್ಲ. ಮೇಜಿಗೆ ಆ ಹೆಸರು ಸಿಕ್ಕಿದ್ದೇ ಇಂಥ ಹರಾಜು ನಡೆಯುತ್ತಿದ್ದ ಕೋಣೆಯಿಂದ.

ರೇಸ್‌ಕೋರ್ಸಿನ ಟೋಟ್‌ಗೂ ಇದಕ್ಕೂ ಏನು ವ್ಯತ್ಯಾಸ?

1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೋಸೆಫ್ ಓಲರ್ ರೂಪಿಸಿದ ಪ್ಯಾರಿ ಮ್ಯೂಚುಯಲ್ ಪದ್ಧತಿಯೇ ಇಂದಿನ ಟೋಟ್: ಎಲ್ಲರ ಪಣವನ್ನೂ ಒಂದು ಗಂಟಿಗೆ ಸೇರಿಸಿ, ಗೆದ್ದ ಕುದುರೆಯ ಮೇಲೆ ಹಣ ಹಾಕಿದವರಿಗೆ ಹಂಚುವುದು. ಅಲ್ಲಿ ಮೆಚ್ಚಿನ ಕುದುರೆಯ ಮೇಲೆ ಸಾವಿರ ಜನ ಬೇಕಾದರೂ ಹಣ ಹಾಕಬಹುದು. ಹರಾಜಿನಲ್ಲಿ ಒಬ್ಬ ಆಟಗಾರನಿಗೆ ಒಬ್ಬರೇ ಮಾಲೀಕರು. ನಿಮಗೆ ಬೇಕಾದ ಆಟಗಾರ ಬೇರೆಯವರ ಪಾಲಾದರೆ ಅಲ್ಲಿಗೆ ಮುಗಿಯಿತು. ಬೆಲೆಯನ್ನು ಕೂಡ ಯಂತ್ರ ಹೇಳುವುದಿಲ್ಲ, ಎದುರಿಗೆ ಕುಳಿತ ಪರಿಚಿತರೇ ಹೇಳುತ್ತಾರೆ. ಈ ಹರಾಜಿನ ಸ್ವಾರಸ್ಯವೂ ಅಪಾಯವೂ ಇರುವುದು ಇಲ್ಲಿಯೇ.

ಇದು ಐಪಿಎಲ್ ಹರಾಜಿನ ಹಾಗೆಯೇ?

ಕೂಗುವ ರೀತಿ ಮಾತ್ರ ಹಾಗೆ. ಐಪಿಎಲ್‌ನಲ್ಲಿ ಹರಾಜಿನ ಬೆಲೆ ಆಟಗಾರನಿಗೆ ಸಿಗುವ ಸಂಬಳ. ಕಲ್ಕತ್ತಾದಲ್ಲಿ ಆ ಹಣದ ಒಂದು ಡಾಲರ್ ಕೂಡ ಆಟಗಾರನ ಕೈ ಸೇರುವುದಿಲ್ಲ, ಅವನು ತನ್ನಲ್ಲೇ ಪಾಲು ಕೊಂಡಿದ್ದರೆ ಹೊರತು.

ಹರಾಜಿನ ಹೊತ್ತಿನಲ್ಲಿ ಕೋಣೆಯಲ್ಲಿ ನಿಜವಾಗಿ ಏನು ನಡೆಯುತ್ತದೆ?

ಆಟಗಾರರ ಸಭೆ ಮುಗಿದ ಕೂಡಲೇ ಹರಾಜು ಶುರುವಾಗುತ್ತದೆ. ಒಬ್ಬರು ಹೆಸರು ಕೂಗುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಹಾಳೆಯಲ್ಲಿ ಮೂರು ಕಾಲಂ ಎಳೆದುಕೊಂಡು ಕುಳಿತಿರುತ್ತಾರೆ: ಆಟಗಾರ, ಕೊಂಡವರು, ಬೆಲೆ. ಹೆಸರು ಹೇಳಿ, ಹ್ಯಾಂಡಿಕ್ಯಾಪ್ (ಅವನ ಆಟದ ಮಟ್ಟಕ್ಕೆ ಕೊಟ್ಟ ಅಂಕ) ಹೇಳಿ, ಕನಿಷ್ಠ ಬೆಲೆಯಿಂದ ಕೂಗು ತೊಡಗುತ್ತದೆ. ಹತ್ತು, ಇಪ್ಪತ್ತು ಡಾಲರ್‌ಗಳ ಮೆಟ್ಟಿಲಲ್ಲಿ ಏರುತ್ತಾ, ಮೂರು ಸಲ ಕೇಳಿದರೂ ಮೇಲಿನ ಕೂಗು ಬಾರದಿದ್ದರೆ ಮಾರಾಟ ಮುಗಿಯುತ್ತದೆ. ಹಣವನ್ನು ಆಗಲೇ ಎಣಿಸಿ ಕೊಡಬೇಕು.

ನೀವು ಹೊಸಬರಾದರೆ ಹರಾಜುಗಾರನ ಮುಖಕ್ಕಿಂತ ಹಿಂದಿನ ಮೇಜುಗಳ ಕಡೆ ಕಣ್ಣಿಡಿ. ಕೆಲವರು ಆಗಲೂ ಚೆಂಡು ಹೊಡೆಯುತ್ತಿರುತ್ತಾರೆ. ಅಪರಿಚಿತ ಆಟಗಾರನೊಬ್ಬನ ಹೆಸರು ಬಂದಾಗ ಊರಿನ ಹಳೆಯ ಆಟಗಾರರು ಕ್ಯೂ (ಆಟದ ಕೋಲು) ಕೆಳಗಿಟ್ಟು ತಿರುಗಿ ನೋಡಿದರೆ, ಅವನ ಆಟ ಅವರಿಗೆ ಗೊತ್ತಿದೆ ಎಂದರ್ಥ. ಆ ಕ್ಷಣದಲ್ಲಿ ಸಿಗುವ ಮಾಹಿತಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಬಹುಮಾನದ ಹಣವೂ ಇದರಲ್ಲೇ ಸೇರಿದೆಯೇ?

ಇಲ್ಲ. ಪ್ರವೇಶ ಶುಲ್ಕ ಮತ್ತು ಪ್ರಾಯೋಜಕರ ಹಣದಿಂದ ಬರುವ ಬಹುಮಾನ ಆಟಗಾರರದ್ದು. ಹರಾಜಿನ ಗಂಟು ಮಾಲೀಕರದ್ದು. ಎರಡಕ್ಕೂ ಬೇರೆ ಹಾಳೆ, ಬೇರೆ ಪೆಟ್ಟಿಗೆ ಇರಬೇಕು. ಒಂದೇ ಡಬ್ಬಿಯಲ್ಲಿ ಎರಡನ್ನೂ ಹಾಕುವವರನ್ನು ಕಂಡರೆ ಆ ಹರಾಜಿನಲ್ಲಿ ಕೂಗಬೇಡಿ.

ನನ್ನನ್ನು ಬೇರೆಯವರು ಕೊಂಡರೆ ನನಗೇನು ಸಿಗುತ್ತದೆ?

ಹೆಚ್ಚಿನ ಪೂಲ್ ಟೂರ್ನಿಗಳಲ್ಲಿ ಆಟಗಾರನಿಗೆ ಒಂದು ಹಕ್ಕಿದೆ. ಹರಾಜಿನ ಬೆಲೆಯ ಅರ್ಧ ಕೊಟ್ಟು ತನ್ನ ಅರ್ಧ ಪಾಲನ್ನು ಮಾಲೀಕನಿಂದ ಬಿಡಿಸಿಕೊಳ್ಳಬಹುದು. ನೀವು 300 ಡಾಲರ್‌ಗೆ ಹೋದಿರಿ ಎನ್ನೋಣ. 150 ಕೊಟ್ಟರೆ, ನೀವು ಗೆದ್ದಾಗ ಹರಾಜಿನ ಪಾಲಿನಲ್ಲಿ ಅರ್ಧ ನಿಮ್ಮದು. ಮಾಲೀಕ ಇದಕ್ಕೆ ಒಲ್ಲೆ ಎನ್ನುವಂತಿಲ್ಲ. ಸಾಮಾನ್ಯವಾಗಿ ಮೊದಲ ಪಂದ್ಯಕ್ಕೆ ಮುಂಚೆ ತೀರ್ಮಾನ ಹೇಳಬೇಕು.

ಕೈಯಲ್ಲಿ ಹಣವಿದ್ದರೆ ಈ ಅರ್ಧವನ್ನು ಕೊಳ್ಳಿ ಎನ್ನುವುದು ನನ್ನ ಸಲಹೆ, ಲಾಭಕ್ಕಾಗಿಯಲ್ಲ. ತನ್ನ ಮೇಲೆ ತಾನೇ ಹಣ ಹಾಕಿದ ಆಟಗಾರ ಬೇಕೆಂದೇ ಸೋಲುತ್ತಾನೆ ಎಂದು ಯಾರೂ ಅನುಮಾನಿಸುವುದಿಲ್ಲ. ಮಾಲೀಕನಿಗೂ ಅದೇ ದೊಡ್ಡ ಭರವಸೆ.

ಯಾರಿಗೂ ಗೊತ್ತಿಲ್ಲದ ಆಟಗಾರರನ್ನು ಯಾರು ಕೊಳ್ಳುತ್ತಾರೆ?

ಕೂಗು ಬಾರದವರನ್ನು ಕೊನೆಗೆ ಒಟ್ಟುಗೂಡಿಸಿ ಫೀಲ್ಡ್ ಎಂಬ ಒಂದೇ ಗುಂಪಾಗಿ ಮಾರುತ್ತಾರೆ. ಐದಾರು ಮಂದಿ ಒಂದೇ ಬೆಲೆಗೆ ಬರುತ್ತಾರೆ. ಬೇರೆ ಊರಿನಿಂದ ಬಂದ ಮೌನಿಯೊಬ್ಬ ಅದರಲ್ಲಿದ್ದು ಕೊನೆಯ ನಾಲ್ವರೊಳಗೆ ಬರುವುದು ಅಪರೂಪವೇನಲ್ಲ.

ಒಬ್ಬ ಆಟಗಾರನಿಗೆ ಎಷ್ಟು ಕೊಡಬಹುದೆಂದು ಲೆಕ್ಕ ಹಾಕುವುದು ಹೇಗೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಟ್ಟು ಗಂಟು 6,000 ಡಾಲರ್ ಆಗಬಹುದು ಎಂದು ನಿಮ್ಮ ಅಂದಾಜು. ಆಯೋಜಕರು ಶೇ 10 ಹಿಡಿದುಕೊಂಡರೆ ಹಂಚಿಕೆಗೆ 5,400 ಉಳಿಯುತ್ತದೆ. ಮೊದಲ ನಾಲ್ಕು ಸ್ಥಾನಗಳಿಗೆ ಶೇ 50, 25, 15, 10 ಎಂದಾದರೆ 2,700, 1,350, 810, 540 ಡಾಲರ್ ಸಿಗುತ್ತವೆ.

ನೀವು ಕಣ್ಣಿಟ್ಟಿರುವ ಆಟಗಾರ ಗೆಲ್ಲುವ ಸಾಧ್ಯತೆ ಶೇ 25, ಎರಡನೆಯವನಾಗುವ ಸಾಧ್ಯತೆ 15, ಮೂರನೆಯ ಮತ್ತು ನಾಲ್ಕನೆಯ ಸ್ಥಾನಕ್ಕೆ ತಲಾ 10 ಎಂದುಕೊಳ್ಳಿ. ಗುಣಿಸಿ ಕೂಡಿದರೆ 675, 202.50, 81, 54, ಒಟ್ಟು 1,012.50 ಡಾಲರ್. ಅವನು 900ಕ್ಕೆ ಸಿಕ್ಕರೆ ಕೊಳ್ಳಬಹುದು.

ಇಲ್ಲಿ ಹಲವರು ಗಮನಿಸದ ಒಂದು ಸಂಗತಿಯಿದೆ. ನಿಮ್ಮ ಕೂಗಿನ ಹಣವೂ ಗಂಟಿಗೇ ಸೇರುವುದರಿಂದ, ನೀವು ಹೆಚ್ಚು ಕೂಗಿದಷ್ಟೂ ಗಂಟು ಸ್ವಲ್ಪ ದೊಡ್ಡದಾಗುತ್ತದೆ. 900ರ ಬದಲು 1,100 ಕೊಟ್ಟರೆ ಹಂಚಿಕೆಯ ಮೊತ್ತ 180 ಏರುತ್ತದೆ. ಅದರಲ್ಲಿ ನಿಮ್ಮ ಆಟಗಾರನ ಸರಾಸರಿ ಪಾಲು ಸುಮಾರು 34 ಡಾಲರ್. ಈ 34 ಡಾಲರ್‌ಗಾಗಿ ನೀವು 200 ಹೆಚ್ಚು ಕೊಟ್ಟಿರುತ್ತೀರಿ. ಉಳಿದವರೆಲ್ಲ 5,100ಕ್ಕೆ ಹೋಗುವುದಾದರೆ, ಇವನಿಗೆ ನಷ್ಟವಿಲ್ಲದೆ ಕೊಡಬಹುದಾದ ಗರಿಷ್ಠ ಬೆಲೆ 1,035 ಡಾಲರ್‌ನ ಆಸುಪಾಸು.

ಮುಖ್ಯವಾದ ಮಾತು ಬೇರೆಯೇ ಇದೆ. ಆಯೋಜಕರು ಶೇ 10 ತೆಗೆದ ಮೇಲೆ, ಕೋಣೆಯಲ್ಲಿ ಕೂಗಿದವರೆಲ್ಲರ ಒಟ್ಟು ಲೆಕ್ಕ ಶೇ 10 ನಷ್ಟದಲ್ಲೇ ಇರುತ್ತದೆ. ನಿಮಗೆ ಲಾಭ ಬರಬೇಕಾದರೆ ಪಕ್ಕದಲ್ಲಿ ಕುಳಿತವರಿಗಿಂತ ಆಟಗಾರರನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಹೊಸ ಊರಿನಲ್ಲಿ ಮೊದಲ ಸಲ ಹರಾಜಿಗೆ ಕುಳಿತವರು ಅಂಥವರಾಗಿರುವುದು ಕಷ್ಟ. ಮೊದಲ ಕೆಲವು ಟೂರ್ನಿಗಳಲ್ಲಿ ಸುಮ್ಮನೆ ಬೆಲೆ ಬರೆದುಕೊಂಡು ಕುಳಿತುಕೊಳ್ಳಿ.

ಮೊದಲು ಬಂದ ಹೆಸರನ್ನು ಕೊಳ್ಳಬೇಕೇ, ಕೊನೆಯವರೆಗೂ ಕಾಯಬೇಕೇ?

ಹರಾಜಿನ ಆರಂಭದಲ್ಲಿ ಗಂಟು ಎಷ್ಟಾಗಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಎಲ್ಲರ ಕೈಯೂ ಬಿಗಿಯಾಗಿರುತ್ತದೆ. ಕೊನೆಯಲ್ಲಿ ಗಂಟು ಕಣ್ಣೆದುರಿಗೇ ಇರುತ್ತದೆ, ಆದರೆ ಹಲವರ ಹಣ ಆಗಲೇ ಖಾಲಿಯಾಗಿರುತ್ತದೆ. ನಡುವೆ ಬರುವ ಹೆಸರುಗಳಿಗೆ ಹುರುಪಿನ ಬೆಲೆ ಬೀಳುತ್ತದೆ. ಕಳೆದ ಬಾರಿ ಅದೇ ಟೂರ್ನಿಯ ಗಂಟು ಎಷ್ಟಾಗಿತ್ತು ಎಂದು ವಿಚಾರಿಸಿಕೊಂಡು ಬಂದವರಿಗೆ ಮೊದಲ ಹೆಸರುಗಳಲ್ಲಿ ಅನುಕೂಲ ಹೆಚ್ಚು.

ಡ್ರಾ (ಯಾರಿಗೆ ಯಾರು ಎದುರಾಳಿ ಎಂಬ ಚೀಟಿ) ಎತ್ತುವುದು ಹರಾಜಿಗೆ ಮುಂಚೆಯೋ ಆಮೇಲೋ ಎಂಬುದನ್ನೂ ಕೇಳಿ. ಮುಂಚೆ ಎತ್ತಿದ್ದರೆ ಬಲಾಢ್ಯರಿಬ್ಬರು ಒಂದೇ ಬದಿಯಲ್ಲಿರುವುದು ಬೆಲೆಯಲ್ಲೇ ಕಾಣುತ್ತದೆ. ಆಮೇಲೆ ಎತ್ತಿದರೆ ಆ ಅದೃಷ್ಟವನ್ನೂ ನೀವು ಕೊಂಡಿರುತ್ತೀರಿ.

ಫಾರ್ಗೋ ರೇಟಿಂಗ್ ನೋಡಿ ಕೊಂಡರೆ ಸಾಲದೇ?

ಪೂಲ್ ಆಟಗಾರರ ಬಲವನ್ನು ಅಂಕದಲ್ಲಿ ಹೇಳುವ ಅದು ಒಳ್ಳೆಯ ಅಳತೆಗೋಲು, ಅದನ್ನು ನೋಡದೆ ಕೂಗಬೇಡಿ. ಅದರ ಲೆಕ್ಕ ಸರಳವಾಗಿದೆ: ಇಬ್ಬರ ನಡುವೆ 100 ಅಂಕಗಳ ಅಂತರವಿದ್ದರೆ ಬಲಿಷ್ಠನಾದವನು ಸರಾಸರಿ ಎರಡು ಗೇಮ್ ಗೆಲ್ಲುವಾಗ ಇನ್ನೊಬ್ಬ ಒಂದು ಗೆಲ್ಲುತ್ತಾನೆ.

ಆದರೆ ಪಂದ್ಯ ಎಷ್ಟು ಉದ್ದ ಎನ್ನುವುದು ಬೆಲೆಯನ್ನು ಬದಲಿಸುತ್ತದೆ. ಇದೇ ಇಬ್ಬರು ಮೊದಲು 3 ಗೇಮ್ ಗೆಲ್ಲುವ ಪಂದ್ಯ ಆಡಿದರೆ ಬಲಿಷ್ಠನು ಗೆಲ್ಲುವ ಸಾಧ್ಯತೆ ಶೇ 79. ಮೊದಲು 7 ಗೆಲ್ಲುವ ಪಂದ್ಯವಾದರೆ ಅದು ಶೇ 90ಕ್ಕೆ ಏರುತ್ತದೆ. ಎರಡು ಸಲ ಸೋತ ಮೇಲಷ್ಟೇ ಹೊರಬೀಳುವ ಡಬಲ್ ಎಲಿಮಿನೇಷನ್ ಟೂರ್ನಿಗಳಲ್ಲಿ ಒಮ್ಮೆ ಸೋತವರ ಬದಿಯ ಪಂದ್ಯಗಳು ಹಲವು ಕಡೆ ಚಿಕ್ಕವಾಗಿರುತ್ತವೆ. ನಿಮ್ಮ ದುಬಾರಿ ಆಟಗಾರ ಮೊದಲ ಸುತ್ತಿನಲ್ಲೇ ಆ ಬದಿಗೆ ಬಿದ್ದರೆ, ಹೆಚ್ಚು ಪಂದ್ಯಗಳನ್ನು ಚಿಕ್ಕ ಅಳತೆಯಲ್ಲಿ ಗೆಲ್ಲಬೇಕಾಗುತ್ತದೆ. ಜೊತೆಗೆ ಹ್ಯಾಂಡಿಕ್ಯಾಪ್ ಟೂರ್ನಿಯಾದರೆ ದುರ್ಬಲನಿಗೆ ಗೇಮ್‌ಗಳನ್ನು ಮೊದಲೇ ಬಿಟ್ಟುಕೊಟ್ಟಿರುತ್ತಾರೆ. ಅಲ್ಲಿ ನೀವು ಕೊಳ್ಳಬೇಕಾದದ್ದು ಉತ್ತಮ ಆಟಗಾರನನ್ನಲ್ಲ, ತನ್ನ ಹ್ಯಾಂಡಿಕ್ಯಾಪ್‌ಗಿಂತ ಉತ್ತಮವಾಗಿ ಆಡುವವನನ್ನು. ಸಮಸ್ಯೆ ಶುರುವಾಗುವುದೂ ಅಲ್ಲಿಂದಲೇ.

ಇದರಲ್ಲಿ ಮೋಸ ಹೇಗೆ ನಡೆಯುತ್ತದೆ?

ಮುಖ್ಯವಾಗಿ ಎರಡು ಬಗೆ. ಒಂದು, ತನ್ನ ಆಟವನ್ನು ತಿಂಗಳುಗಟ್ಟಲೆ ಮರೆಮಾಚಿ ಹ್ಯಾಂಡಿಕ್ಯಾಪ್ ಕೆಳಗಿಟ್ಟುಕೊಂಡು, ಗೆಳೆಯನಿಂದ ಅಗ್ಗದಲ್ಲಿ ತನ್ನನ್ನು ಕೊಳ್ಳಿಸಿ, ಆಮೇಲೆ ನಿಜವಾದ ಆಟ ಹೊರತೆಗೆಯುವುದು. ಇದನ್ನು ಸ್ಯಾಂಡ್‌ಬ್ಯಾಗಿಂಗ್ ಎನ್ನುತ್ತಾರೆ. ಇನ್ನೊಂದು ಡಂಪ್ ಮಾಡುವುದು, ಅಂದರೆ ಎದುರಾಳಿಯಲ್ಲಿ ಗುಟ್ಟಾಗಿ ಪಾಲಿಟ್ಟುಕೊಂಡು ಬೇಕೆಂದೇ ಸೋಲುವುದು.

ಮೊದಲನೆಯದಕ್ಕೆ ಅತ್ಯಂತ ಕುಖ್ಯಾತ ಉದಾಹರಣೆ ಪೂಲ್‌ನದ್ದಲ್ಲ, ಗಾಲ್ಫ್‌ನದ್ದು. 1955ರಲ್ಲಿ ನ್ಯೂಯಾರ್ಕ್‌ನ ಲಾಂಗ್ ಐಲೆಂಡಿನ ಡೀಪ್‌ಡೇಲ್ ಕ್ಲಬ್ಬಿನ ಟೂರ್ನಿಗೆ ಇಬ್ಬರು ಬಂದರು. ಅವರು ಹೇಳಿಕೊಂಡ ಹ್ಯಾಂಡಿಕ್ಯಾಪ್ 17 ಮತ್ತು 18, ನಿಜವಾದದ್ದು 3ರ ಆಸುಪಾಸು (ಗಾಲ್ಫ್‌ನಲ್ಲಿ ಈ ಅಂಕ ಹೆಚ್ಚಾದಷ್ಟೂ ಆಟಗಾರ ದುರ್ಬಲ). ಸುಮಾರು 45,000 ಡಾಲರ್‌ಗಳ ಕಲ್ಕತ್ತಾ ಗಂಟಿನಲ್ಲಿ ಆ ಜೋಡಿಯ ಮೇಲಿನ ಗೆಲುವು ಸುಮಾರು 16,000. ವಿಷಯ ಬಯಲಾದ ಮೇಲೆ ಅಮೆರಿಕದ ಗಾಲ್ಫ್ ಸಂಸ್ಥೆ ಇಂಥ ಹರಾಜುಗಳ ವಿರುದ್ಧ ನಿಂತಿತು.

ಪೂಲ್‌ನಲ್ಲಿ ಡಂಪ್ ಪತ್ತೆ ಮಾಡುವುದು ಇನ್ನೂ ಕಷ್ಟ. ಗೋಲಿಯಷ್ಟು ಅಂತರದಲ್ಲಿ ಚೆಂಡು ತಪ್ಪುವುದು ದೊಡ್ಡ ಆಟಗಾರರಿಗೂ ಆಗುತ್ತದೆ. ಅನುಭವಿಗಳು ನೋಡುವುದು ತಪ್ಪಿದ ಹೊಡೆತವನ್ನಲ್ಲ, ಅದಕ್ಕೆ ಮುಂಚಿನ ಹೊಡೆತದಲ್ಲಿ ಬಿಳಿ ಚೆಂಡನ್ನು ಎಲ್ಲಿಗೆ ಬಿಟ್ಟ ಎಂಬುದನ್ನು. ಸುಲಭವಾಗಿ ಸಿಗುವ ಜಾಗ ಬಿಟ್ಟು, ಕುಶನ್‌ಗೆ (ಮೇಜಿನ ಅಂಚಿಗೆ) ಅಂಟಿಸಿ, ತನಗೇ ಕಷ್ಟದ ಕೋನ ಮಾಡಿಕೊಳ್ಳುವ ನುರಿತ ಆಟಗಾರ, ಅದೂ ಗೇಮ್‌ಗಳು ಸಮವಾಗಿರುವಾಗ ಮತ್ತೆ ಮತ್ತೆ ಹಾಗೆ ಮಾಡಿದರೆ ಅನುಮಾನಕ್ಕೆ ಕಾರಣವಿದೆ. ಆದರೂ ಅನುಮಾನವೇ ಪುರಾವೆಯಲ್ಲ. ನೂರು ಜನರ ಮುಂದೆ ಒಬ್ಬನನ್ನು ಕಳ್ಳ ಎನ್ನುವ ಮುನ್ನ ಹತ್ತು ಸಲ ಯೋಚಿಸಬೇಕು.

ಫೈನಲ್‌ಗೆ ಮುಂಚೆ ಹಣ ಹಂಚಿಕೊಳ್ಳುವುದು ತಪ್ಪೇ?

ಇಬ್ಬರು ಮಾಲೀಕರು ತಮ್ಮ ಪಾಲನ್ನು ಸಮ ಮಾಡಿಕೊಂಡರೆ ಅದು ಅವರವರ ಹಣ, ಆಟಕ್ಕೆ ತೊಂದರೆಯಿಲ್ಲ. ಸೋತವನಿಗೂ ಸ್ವಲ್ಪ ಸಿಗಲಿ ಎಂದು ಆಟಗಾರರು ಮಾಡಿಕೊಳ್ಳುವ ಸೇವರ್ ಎಂಬ ಒಪ್ಪಂದ ಹಳೆಯದು, ಆಯೋಜಕರಿಗೆ ತಿಳಿಸಿ ಮಾಡಿದರೆ ಸಹಿಸಬಹುದು. ಆಟಗಾರರಿಬ್ಬರೇ ಮಾಲೀಕರಿಗೆ ತಿಳಿಸದೆ ಹಂಚಿಕೊಂಡು, ಯಾರು ಗೆಲ್ಲಬೇಕೆಂದೂ ತೀರ್ಮಾನಿಸಿದರೆ ಅದು ಕಳ್ಳತನ. ಅದಕ್ಕೆ ಮೃದುವಾದ ಹೆಸರು ಹುಡುಕಬೇಕಾಗಿಲ್ಲ.

ನಮ್ಮ ಕ್ಲಬ್ಬಿನಲ್ಲಿ ಶುರು ಮಾಡಬೇಕೆಂದಿದ್ದೇವೆ, ಯಾವ ನಿಯಮಗಳಿರಲಿ?

ಅಮೆರಿಕದಲ್ಲಿ, ಕಾನೂನು ಒಪ್ಪುವ ಕಡೆ ಎಂದುಕೊಂಡು ಹೇಳುತ್ತೇನೆ. ಹಂಚಿಕೆಯ ಶೇಕಡಾವಾರು, ಆಯೋಜಕರ ಪಾಲು, ಅರ್ಧ ಪಾಲಿನ ಹಕ್ಕು ಇವಿಷ್ಟನ್ನೂ ಮೊದಲ ಕೂಗಿಗೆ ಮುಂಚೆ ಗೋಡೆಗೆ ಅಂಟಿಸಿ. ಆಡುತ್ತಿರುವವರು ಬೇರೆ ಆಟಗಾರರನ್ನು ಕೊಳ್ಳುವಂತಿಲ್ಲ ಎಂದು ಕಡ್ಡಾಯವಾಗಿ ಸಾರಿ. ಈ ವಿಷಯದಲ್ಲಿ ಹಲವರು ನನ್ನೊಡನೆ ಒಪ್ಪುವುದಿಲ್ಲ, ಹರಾಜು ಸೊರಗುತ್ತದೆ ಎನ್ನುತ್ತಾರೆ. ಸೊರಗಲಿ. ತನ್ನ ಎದುರಾಳಿಯ ಗೆಲುವಿನಲ್ಲಿ ಲಾಭವಿರುವ ಆಟಗಾರನನ್ನು ಮೇಜಿನ ಬಳಿ ನಿಲ್ಲಿಸಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಹರಾಜಿನ ಗಂಟು ಬಹುಮಾನದ ಹಣಕ್ಕಿಂತ ಬಹಳ ದೊಡ್ಡದಾಗಲು ಬಿಡಬೇಡಿ. ಗೆದ್ದವನಿಗೆ 800 ಡಾಲರ್ ಬಹುಮಾನ, ಅವನ ಮಾಲೀಕನಿಗೆ 8,000 ಎಂದಾದರೆ, ಸೋಲಲು 1,500 ಕೊಡುವವನು ಆ ಕೋಣೆಯಲ್ಲಿ ಬೇಗನೆ ಹುಟ್ಟಿಕೊಳ್ಳುತ್ತಾನೆ. ಒಬ್ಬ ಆಟಗಾರನ ಬೆಲೆಗೆ ಮಿತಿ ಹಾಕುವುದು ಸುಲಭದ ದಾರಿ.

ಅಮೆರಿಕದಲ್ಲಿ ಇದು ಕಾನೂನುಬದ್ಧವೇ? ತೆರಿಗೆ ಕಟ್ಟಬೇಕೇ?

ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮೊಂಟಾನಾ, ನಾರ್ತ್ ಡಕೋಟಾ, ವಯೋಮಿಂಗ್ ರಾಜ್ಯಗಳ ಕಾನೂನಿನಲ್ಲಿ ಕಲ್ಕತ್ತಾ ಎಂಬ ಹೆಸರೇ ಇದೆ, ಷರತ್ತುಗಳೊಂದಿಗೆ ಅನುಮತಿಯೂ ಇದೆ. ಇತರ ಹಲವು ಕಡೆ ಅದು ಜೂಜು, ಆಯೋಜಕರು ಪಾಲು ಹಿಡಿದುಕೊಂಡರಂತೂ ಅಪಾಯ ಹೆಚ್ಚು. ಎಲ್ಲರೂ ಮಾಡುತ್ತಾರೆ ಎನ್ನುವುದು ಅನುಮತಿಯಲ್ಲ. ವೀಸಾದಲ್ಲಿರುವವರು ಪೊಲೀಸ್ ದಾಖಲೆಗೆ ಹೆಸರು ಸೇರಿಸಿಕೊಳ್ಳುವ ಯಾವ ಕೆಲಸಕ್ಕೂ ಹೋಗಬಾರದು. ಗೆದ್ದ ಹಣ ಅಲ್ಲಿ ತೆರಿಗೆಗೆ ಒಳಪಟ್ಟ ಆದಾಯ, ನಗದಾಗಿ ಬಂದರೂ ಘೋಷಿಸಬೇಕು.

ಬೆಂಗಳೂರಿನ ಸ್ನೂಕರ್ ಪಾರ್ಲರಿನಲ್ಲಿ ಮಾಡಬಹುದೇ?

ಬೇಡ. ಕರ್ನಾಟಕ ಪೊಲೀಸ್ ಕಾಯ್ದೆ, 1963 ಜೂಜಿನ ಮನೆ ನಡೆಸುವುದನ್ನೂ ಅಲ್ಲಿ ಜೂಜಾಡುವುದನ್ನೂ ಶಿಕ್ಷಾರ್ಹ ಅಪರಾಧವಾಗಿಸಿದೆ. ಕೌಶಲದ ಆಟಕ್ಕೆ ಕಾಯ್ದೆಯ 176ನೇ ಸೆಕ್ಷನ್ ಕೊಡುವ ರಕ್ಷಣೆ ಆಟ ಆಡುವವರಿಗೆ ಮತ್ತು ಅವರು ತಮ್ಮೊಳಗೆ ಒಡ್ಡುವ ಪಣಕ್ಕೆ ಸಂಬಂಧಿಸಿದ್ದು. ಕಲ್ಕತ್ತಾದಲ್ಲಿ ಹಣ ಹಾಕುವವರಲ್ಲಿ ಬಹುಪಾಲು ಆಡದೆ ನೋಡುವವರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದ್ದನ್ನು ತೋರಿಸಿ, ಈಗ ಎಲ್ಲವೂ ಮುಕ್ತ ಎನ್ನುವವರಿದ್ದಾರೆ. ಆ ತೀರ್ಪು ನೋಡುಗರ ಬೆಟ್ಟಿಂಗ್‌ಗೆ ಪರವಾನಗಿ ಕೊಟ್ಟಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಹರಾಜು, ಯುಪಿಐನಲ್ಲಿ ಹಣ ಎಂಬ ಉಪಾಯಕ್ಕೆ ಕೇಂದ್ರದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಅಡ್ಡ ಬರುತ್ತದೆ. ಇನ್ನು ಹಣ ಕೊಡದೆ ಕೈಯೆತ್ತಿದವನ ಮೇಲೆ ದಾವೆಯನ್ನೂ ಹೂಡಲಾರಿರಿ, ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಪಣದ ಒಪ್ಪಂದ ಊರ್ಜಿತವಲ್ಲ.

ವೃತ್ತಿಪರ ಸ್ನೂಕರ್ ಆಡುವ ಕನಸಿದೆ, ಅಮೆರಿಕದಲ್ಲಿ ಒಮ್ಮೆ ಕೊಂಡರೆ ತೊಂದರೆಯೇ?

ವಿಶ್ವ ವೃತ್ತಿಪರ ಸ್ನೂಕರ್ ಸಂಸ್ಥೆಯ ಸದಸ್ಯರಾದ ದಿನದಿಂದ ಸ್ನೂಕರ್ ಮೇಲೆ ಎಲ್ಲಿಯೂ ಪಣ ಕಟ್ಟುವಂತಿಲ್ಲ. ಪಂದ್ಯ ಫಿಕ್ಸಿಂಗ್‌ಗಾಗಿ 2013ರಲ್ಲಿ ಇಂಗ್ಲೆಂಡಿನ ಆಟಗಾರ ಸ್ಟೀಫನ್ ಲೀ ಅವರನ್ನು 12 ವರ್ಷ ಹೊರಗಿಟ್ಟರು. 2023ರಲ್ಲಿ ಇಂಥದೇ ಹಗರಣದಲ್ಲಿ ಚೀನಾದ ಹತ್ತು ಆಟಗಾರರಿಗೆ ಶಿಕ್ಷೆಯಾಗಿ, ಲಿಯಾಂಗ್ ವೆನ್‌ಬೋ ಮತ್ತು ಲಿ ಹಾಂಗ್ ಅವರಿಗೆ ಆಜೀವ ನಿಷೇಧ ಬಿತ್ತು. ಪೂಲ್ ಹರಾಜು ಬೇರೆ ಆಟದ್ದು ಎಂದು ಸಮಜಾಯಿಷಿ ಕೊಡಬಹುದು. ಆದರೆ ಹದಿನೆಂಟರ ವಯಸ್ಸಿನಲ್ಲಿ ಪಣದ ಕೋಣೆಗಳ ಪರಿಚಯ ಬೆಳೆಸಿಕೊಂಡವರ ಬಳಿಗೇ ಮುಂದೆ ಪಂದ್ಯ ಬಿಟ್ಟುಕೊಡು ಎಂದು ಕೇಳುವವರೂ ಬರುತ್ತಾರೆ. ನಿಮಗೆ ಪ್ರತಿಭೆಯಿದ್ದರೆ ಆ ಕೋಣೆಯಿಂದ ದೂರವಿರಿ.

ನಾನು ಕೊಂಡ ಆಟಗಾರನಿಗೆ ಪಂದ್ಯದ ನಡುವೆ ಸಲಹೆ ಕೊಡಬಹುದೇ?

ಕೂಡದು. ಹೊಡೆತದ ಸಲಹೆ, ಎದುರಾಳಿಯ ಕಣ್ಣಳತೆಯಲ್ಲಿ ಓಡಾಟ, ಕೆಮ್ಮು, ನಾಣ್ಯದ ಸದ್ದು ಯಾವುದೂ ಸಲ್ಲದು. ನೀವು ಕೊಂಡದ್ದು ಅವನ ಫಲಿತಾಂಶದ ಪಾಲನ್ನು, ಅವನನ್ನಲ್ಲ. ಸೋತಾಗ ಅವನ ಮೇಲೆ ರೇಗುವ ಮಾಲೀಕರನ್ನು ಆಯೋಜಕರು ಮುಂದಿನ ಹರಾಜಿಗೆ ಸೇರಿಸಬಾರದು.

ಕೊಂಡ ಆಟಗಾರ ಬಾರದೇ ಹೋದರೆ? ಹಂಚಿಕೆಯಲ್ಲಿ ಜಗಳವಾದರೆ?

ಮೊದಲ ಪಂದ್ಯಕ್ಕೇ ಬಾರದವನ ಬೆಲೆಯನ್ನು ಮಾಲೀಕರಿಗೆ ಹಿಂತಿರುಗಿಸಿ ಗಂಟಿನಿಂದ ಕಳೆಯುವುದು ನ್ಯಾಯ. ಒಂದು ಪಂದ್ಯ ಆಡಿ ಹೊರಟುಹೋದರೆ ಹಣ ವಾಪಸಿಲ್ಲ. ಉಳಿದ ಜಗಳಗಳಲ್ಲಿ ಹೆಚ್ಚಿನವು ಅರ್ಧ ಪಾಲಿನದ್ದೇ: ಕೊಡುತ್ತೇನೆ ಎಂದಿದ್ದ, ಕೊಡಲಿಲ್ಲ, ಈಗ ಗೆದ್ದ ಮೇಲೆ ಕೇಳುತ್ತಿದ್ದಾನೆ. ಇದಕ್ಕೆ ಪರಿಹಾರ ಹಾಳೆಯಲ್ಲಿ ನಾಲ್ಕನೆಯ ಕಾಲಂ. ಅರ್ಧದ ಹಣ ಕೈ ಬದಲಾದ ಕೂಡಲೇ ಆಟಗಾರನೂ ಮಾಲೀಕನೂ ಅಲ್ಲಿ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಪೂರ್ತಿ ಪಾಲು ಮಾಲೀಕನದ್ದು.